ತಮ್ಮ ಹಕ್ಕು ಬಿಡುಗಡೆ ಪತ್ರ ತಂದಿದ್ದಾನೆ, ಸಹಿ ಹಾಕಲೇ?

ಸೀಗೆಬೇಲಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಮನೆಯಲ್ಲಿ ಯಾರ ಹತ್ತಿರ ಹೇಳಿದರೂ ಒಂದು ಕಡೆಗೆ ವಾಲುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಜ್ಜನಿಂದ ಬಂದ ನಾಲ್ಕೂವರೆ ಎಕರೆ ಹೊಲ ಇದೆ. ನಾವು ಮೂವರು ಮಕ್ಕಳು. ನಾನು ಹಿರಿಯವಳು, ಆಮೇಲೆ ತಮ್ಮ, ಕೊನೆಯವಳು ತಂಗಿ. ನನ್ನ ಮದುವೆ 1988ರಲ್ಲಿ ಆಯಿತು, ತಂಗಿಯದು 1996ರಲ್ಲಿ. 1999ರಲ್ಲಿ ಅಪ್ಪ ತೀರಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಹೊಲದ ಖಾತೆ ತಮ್ಮನ ಹೆಸರಿಗೆ ಆಯಿತು. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಅಂತ ನಮಗೂ ಹೊಳೆಯಲಿಲ್ಲ. ಅವ್ವ ಹೋಗಿ ಎರಡು ವರ್ಷ.

ಹೋದ ಭಾನುವಾರ ತಮ್ಮ ಬಂದಿದ್ದ. ಬಟ್ಟೆಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು, ಹಸಿರು ಇಳಕಲ್ ಸೀರೆ, ಒಂದು ಕುಪ್ಪಸದ ಕಣ ತೆಗೆದು ತಟ್ಟೆಯಲ್ಲಿಟ್ಟ. ಊಟ ಆದ ಮೇಲೆ ಅದೇ ಚೀಲದಿಂದ ಪ್ಲಾಸ್ಟಿಕ್ ಫೈಲು ಹೊರಗೆ ಬಂತು. "ರಸ್ತೆ ಬದಿಯ ಒಂದೆಕರೆ ಮಾರೋಣ ಅಂತಿದೀನಿ ಅಕ್ಕ. ತಗೊಳ್ಳೋರ ವಕೀಲರು ಹೆಣ್ಮಕ್ಕಳ ಸಹಿ ಬೇಕೇ ಬೇಕು ಅಂತಾರೆ. ನೀವಿಬ್ರೂ ಒಂದ್ಸಲ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋದ್ರೆ ಮುಗೀತು" ಅಂದ.

ಕನ್ನಡಕ ಹಾಕಿಕೊಂಡು ಓದಿದೆ. ಒಂದೆಕರೆ ಅಲ್ಲ, ನಾಲ್ಕೂವರೆ ಎಕರೆಯ ಸರ್ವೆ ನಂಬರುಗಳೂ ಅದರಲ್ಲಿದ್ದವು. "ಮದುವೆಯ ಕಾಲಕ್ಕೆ ಬಂಗಾರ, ಬಟ್ಟೆಬರೆ ಹಾಗೂ ಅರಿಶಿನ ಕುಂಕುಮದ ಬಾಬ್ತು ಪಡೆದುಕೊಂಡಿದ್ದು, ಸದರಿ ಸ್ವತ್ತುಗಳಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲವೆಂದು ಸ್ವಸಂತೋಷದಿಂದ" ಅಂತ ಬರೆದಿತ್ತು. ಆ "ಸ್ವಸಂತೋಷದಿಂದ" ಅನ್ನುವ ಪದವನ್ನು ಎರಡು ಸಲ ಓದಿದೆ.

ನನಗೆ ತಿಳಿಯಬೇಕಾದ್ದು ಇಷ್ಟು. 1999ರಲ್ಲಿ ಯಾರಿಗೂ ಬೇಡವಾಗಿದ್ದ ನನ್ನ ಸಹಿ ಈಗ ಹೇಗೆ ಬೇಕಾಯಿತು? ಹಾಕಲ್ಲ ಅಂದರೆ ತವರಿಗೆ ಎರವಾಗುತ್ತೇನಾ?

ಕೋರ್ಟ್‌ಬೀದಿ

ಅಕ್ಕ, ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಾನು ತಾಲೂಕು ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ, ಕೈಯಲ್ಲಿರುವುದರಲ್ಲಿ ಪಾಲಿನ ದಾವೆಗಳೇ ಹೆಚ್ಚು. ನೋಂದಣಿಯಾದ ಬಿಡುಗಡೆ ಪತ್ರ ರದ್ದು ಮಾಡಿಸುವುದು ಪಾಲು ಕೇಳುವುದಕ್ಕಿಂತ ಬಹಳ ಕಷ್ಟ. ಮೋಸವಾಯಿತು, ಓದಿ ಹೇಳಲಿಲ್ಲ ಅಂತ ನೀವೇ ಸಾಬೀತು ಮಾಡಬೇಕು, ಅದೂ ವಿಷಯ ಗೊತ್ತಾದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿರಬೇಕು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಮದುವೆಯ ತಾರೀಕುಗಳಲ್ಲೇ ಇದೆ. ಲೆಕ್ಕ ಹಾಕಿ ತೋರಿಸುತ್ತೇನೆ. ನಾಲ್ಕೂವರೆ ಎಕರೆ ಅಂದರೆ 180 ಗುಂಟೆ. ಲೆಕ್ಕ ಸುಲಭವಾಗಲಿ ಅಂತ ನಿಮ್ಮ ತಾಯಿಯವರ ಪಾಲನ್ನು ಸದ್ಯ ಬದಿಗಿಡುತ್ತೇನೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ ಮಾತ್ರ. ಅಪ್ಪ ಸತ್ತರೆ ಮೊದಲು ಅಪ್ಪ, ಮಗ ಪಾಲಾದರು ಅಂತ ಭಾವಿಸಬೇಕು. ತಲಾ 90 ಗುಂಟೆ. ಅಪ್ಪನ 90ರಲ್ಲಿ ಮಾತ್ರ ಮೂವರು ಮಕ್ಕಳಿಗೂ ಸಮಪಾಲು. ಅಂದರೆ ನಿಮಗೆ 30, ತಂಗಿಗೆ 30, ತಮ್ಮನಿಗೆ 120. ಮೇಲಾಗಿ ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲಾಗುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಅಂತ 23ನೇ ಕಲಂ ಹೇಳುತ್ತಿತ್ತು.

ಉತ್ತರಾಧಿಕಾರ, ಅವಿಭಕ್ತ ಕುಟುಂಬ, ವಿಭಾಗ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಹಾಗಾಗಿ ರಾಜ್ಯಗಳೂ ತಿದ್ದಬಹುದು. ಆಂಧ್ರ, ತಮಿಳುನಾಡು ತಿದ್ದಿದವು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಮಗಳೂ ಮಗನ ಹಾಗೇ ಹುಟ್ಟಿನಿಂದ ಹಕ್ಕುದಾರಳು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವಳಿಗೆ ಈ ಹಕ್ಕಿಲ್ಲ ಅಂದಿತು. ನಿಮ್ಮ ಮನೆಯಲ್ಲಿ ಏನಾಯಿತು ನೋಡಿ. ಅಪ್ಪ, ತಮ್ಮ, ತಂಗಿ ತಲಾ 60. ಅಪ್ಪನ 60ರಲ್ಲಿ ಮೂವರಿಗೆ ಇಪ್ಪತ್ತಿಪ್ಪತ್ತು. ತಮ್ಮನಿಗೆ 80, ತಂಗಿಗೆ 80, ನಿಮಗೆ 20. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಂಗಿಗೆ ಎರಡೆಕರೆ, ಅಕ್ಕನಿಗೆ ಅರ್ಧ ಎಕರೆ. ನಿಮಗೆ ಮೊದಲಿದ್ದ ಮೂವತ್ತರಲ್ಲೂ ಹತ್ತು ಗುಂಟೆ ಕಳೆಯಿತು.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ಕಿತ್ತುಹಾಕಿತು, 23ನೇ ಕಲಮನ್ನೂ ತೆಗೆಯಿತು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. ಈಗ ಮೂವರಿಗೂ ತಲಾ 60 ಗುಂಟೆ, ಒಂದೂವರೆ ಎಕರೆ. ಅಪ್ಪ ತೀರಿದ ಮೇಲೆ 1999ರಲ್ಲಿ ತಮ್ಮನ ಹೆಸರಿಗೆ ಆದ ಪೌತಿ ಖಾತೆಯಿಂದ ನಿಮ್ಮ ಹಕ್ಕು ಹೋಗಿಲ್ಲ. ಖಾತೆ ಬದಲಾವಣೆ ಕಂದಾಯ ವಸೂಲಿಗೆ, ಅದು ಪಾಲು ಅಲ್ಲ. ಕೊಳ್ಳುವವರ ವಕೀಲ ನಿಮ್ಮ ಸಹಿ ಕೇಳಿದ್ದು ಇದಕ್ಕೇ. ನೀವಿಲ್ಲದೆ ಬರೆದ ಕ್ರಯಪತ್ರ ನಾಳೆ ನಿಮ್ಮ ಪಾಲಿನ ಮಟ್ಟಿಗೆ ನಿಲ್ಲುವುದಿಲ್ಲ ಅಂತ ಆತನಿಗೆ ಗೊತ್ತು.

ಹೊಲದ ಬದು, ಗದಗ

ನಾನು ಆ ತಮ್ಮನ ಜಾಗಾದಾಗ ನಿಂತು ಮಾತಾಡ್ತೀನಿ, ಅಕ್ಕಾರು ಸಿಟ್ಟಾಗಬ್ಯಾಡ್ರಿ. ನಮ್ಮದು ಮೂರೆಕರೆ ಮಸಾರಿ. ಇಬ್ಬರು ಅಕ್ಕಂದಿರ ಲಗ್ನದ ಸಾಲ ನಾನು ತೀರಿಸೀನಿ. ಅಪ್ಪಗ ಲಕ್ವಾ ಹೊಡದು ಆರು ವರ್ಷ ಹಾಸಿಗಿ ಹಿಡದಾಗ ಎತ್ತಿ ಕುಂಡ್ರಿಸಿದಾಕಿ ನನ್ನ ಹೆಂಡ್ತಿ. ಮೂರು ಬೋರು ಕೊರಸಿದೆ, ಎರಡು ಒಣಾ ಹೋದವು. ಸೊಸೈಟಿ ಸಾಲ ನನ್ನ ಹೆಸರಿಲೆ ಐತಿ. ಈಗ ಒಂದೊಂದೆಕರೆ ಹಂಚಿದ್ರ ಯಾರ ಹೊಟ್ಟೀನೂ ತುಂಬಂಗಿಲ್ಲ. ಅಕ್ಕಂದಿರಿಗೆ ಅತ್ತೀ ಮನ್ಯಾಗೂ ಹೊಲ ಐತಿ. ದಿಲ್ಲಿಯೊಳಗ ಕುಂತು ಕಾನೂನು ಬರದವರಿಗೆ ಈ ಹೊಲ ಕಂಡೈತೇನ್ರಿ?

ಎರೆಮಣ್ಣು, ವಿಜಯಪುರ

ಅಣ್ಣಾರ, ನಿಮ್ಮ ಮಾತಿನಾಗ ಸುಳ್ಳಿಲ್ಲ. ನಿಮ್ಮ ಹೆಂಡತಿ ಆರು ವರ್ಷ ಮಾಡಿದ ಸೇವಾ ದೊಡ್ಡದು. ಆದ್ರ ಒಂದು ಕೇಳ್ತೀನಿ. ನಿಮಗ ಅಕ್ಕಂದಿರ ಬದಲಿ ಇಬ್ಬರು ಅಣ್ಣಂದಿರಿದ್ದು, ಅವರು ಬೆಂಗಳೂರಾಗ ನೌಕರಿ ಮಾಡ್ಕೊಂಡಿದ್ರ, ಹೊಲದಾಗ ಒಂದಿನಾ ಕಾಲಿಡದಿದ್ರ, ಅವರಿಗೆ ಪಾಲು ಕೊಡ್ತಿರಲಿಲ್ಲೇನು? ಆವಾಗ "ಹೊಲ ಚೂರಾಗ್ತದ" ಅನ್ನೋ ಮಾತು ಯಾರ ಬಾಯಾಗೂ ಬರತಿರಲಿಲ್ಲ. ಹೆಣ್ಣಮಗಳು ಕೇಳಿದಾಗ ಮಾತ್ರ ಹೊಲ ಸಣ್ಣದಾಗ್ತದ.

ಮತ್ತ ಲಗ್ನ ಆಗೂಮಟ ಆ ಅಕ್ಕಂದಿರು ಸುಮ್ಮ ಕುಂತಿದ್ರೇನು? ನಾ ಏಳು ವರ್ಷದಾಕಿ ಇದ್ದಾಗಿಂದ ಶೇಂಗಾ ಹರದೀನಿ, ಹತ್ತಿ ಬಿಡಿಸೀನಿ. ಅಂಗೈ ಸೀಳಿ ರಾತ್ರಿ ಅವ್ವ ಕೊಬ್ರಿ ಎಣ್ಣಿ ಹಚ್ಚತಿದ್ಲು. ಆ ದುಡಿತ ಯಾವ ಕಾಗದದಾಗೂ ಬರದಿಲ್ಲ. ವರದಕ್ಷಿಣಿ ಕೊಟ್ಟೀವಿ ಅನ್ನೋದು ಪಾಲಿಗೆ ಬದಲಿ ಆಗಂಗಿಲ್ಲ, 1961ರಿಂದ ವರದಕ್ಷಿಣಿನ ಅಪರಾಧ. ಬೋರಿನ ಸಾಲ, ಅಪ್ಪನ ಔಷಧದ ಖರ್ಚು ಎಲ್ಲಾ ಲೆಕ್ಕಕ್ಕ ತರ್ರಿ, ಕುಂತು ಮಾತಾಡ್ರಿ. ಲೆಕ್ಕಾ ಮಾಡಾಕ ಬರ್ತದ. "ಹುಟ್ಟೇ ಇಲ್ಲ" ಅನ್ನೋಹಂಗ ಮಾಡಾಕ ಬರಂಗಿಲ್ಲ.

ಶರಾವತಿ ದಂಡೆ, ಸಾಗರ

ಹೊಲದ ಬದು ಅವರ "ಕಾನೂನಿಗೆ ಹೊಲ ಕಂಡೈತೇನು" ಅನ್ನುವ ಪ್ರಶ್ನೆಯನ್ನು ನಾನು ಬೇರೆ ಕಡೆಯಿಂದ ನೋಡುತ್ತೇನೆ. ಹೊಲವನ್ನು ಕಂಡ ಕಾನೂನು ನಮ್ಮ ರಾಜ್ಯದಲ್ಲಿ ಒಂದಿತ್ತು.

ನಾವು ಗೇಣಿ ಮನೆಯವರು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತ ಕಥೆ ಕೇಳಿಕೊಂಡೇ ಬೆಳೆದವನು ನಾನು. ಆದರೆ ಭೂಮಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳುವವನು ಫಾರಂ ನಂಬರ್ 7 ತುಂಬಿ ಅಧಿಭೋಗದ ಹಕ್ಕು, ಅಂದರೆ ಆ ಜಮೀನು ತನ್ನದಾಗುವ ಹಕ್ಕು, ಕೇಳಬೇಕು. ಅದಕ್ಕೆ ತಾಲೂಕಿಗೆ ಭೂ ನ್ಯಾಯಮಂಡಳಿ ಬಂತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರಾದರೂ ಇರಬೇಕು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ನಮ್ಮ ಜಗುಲಿಯಲ್ಲಿ ಕೂತು ಫಾರಂ ತುಂಬಿದರಂತೆ, ಅಜ್ಜ ಹೆಬ್ಬೆಟ್ಟು ಒತ್ತಿದರಂತೆ. ಒಡೆಯರ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ ಮನುಷ್ಯ ಅದೇ ಒಡೆಯರ ಎದುರು ಮಂಡಳಿಯ ಮುಂದೆ ಕುರ್ಚಿಯಲ್ಲಿ ಕೂತು ಹೇಳಿಕೆ ಕೊಟ್ಟ.

ನನ್ನ ಮಾತು ಇಷ್ಟೇ. ಅಲ್ಲಿ ಕಾನೂನು ಗಡುವು ಹಾಕಿಕೊಂಡು, ಮಂಡಳಿ ಕಟ್ಟಿಕೊಂಡು ತಾಲೂಕಿಗೆ ನಡೆದು ಬಂತು. ಮಗಳ ಹಕ್ಕಿನ ಕಾನೂನು ರಾಜಪತ್ರದಲ್ಲಿ ಅಚ್ಚಾಗಿ ಅಲ್ಲೇ ಕೂತಿತು. ಒಬ್ಬೊಬ್ಬ ಹೆಣ್ಣುಮಗಳೂ ತನ್ನ ಒಡಹುಟ್ಟಿದವನ ಮೇಲೆ ಒಂಟಿಯಾಗಿ ದಾವೆ ಹೂಡಬೇಕು. ಎರಡೂ ನ್ಯಾಯದ ಕಾನೂನೇ. ಒಂದಕ್ಕೆ ಕೈಕಾಲು ಕೊಟ್ಟರು, ಇನ್ನೊಂದಕ್ಕೆ ಬಾಯಿ ಮಾತ್ರ ಕೊಟ್ಟರು. ಆ ಫಾರಂ 7ರ ದೊಡ್ಡ ಕೊರತೆಯನ್ನೂ ಹೇಳಿಬಿಡುತ್ತೇನೆ. ಅಜ್ಜನ ಜೊತೆ ಅಷ್ಟೇ ನಾಟಿ ಮಾಡಿದ, ಅಷ್ಟೇ ಅಡಿಕೆ ಸುಲಿದ ಅಜ್ಜಿಯ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ "ದಿಲ್ಲಿಯವರು ಬರೆದ ಕಾನೂನು" ಅನ್ನುವುದು ಪೂರ್ತಿ ಸರಿಯಲ್ಲ.

ಗಂಡುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಅನ್ನುವ ಮಿತಾಕ್ಷರದ ಪದ್ಧತಿ ನಮ್ಮ ನೆಲದಿಂದಲೇ ಹೊರಟದ್ದು. ಮಿತಾಕ್ಷರ ಅನ್ನುವುದು ಧರ್ಮಶಾಸ್ತ್ರದ ಒಂದು ವ್ಯಾಖ್ಯಾನ ಗ್ರಂಥ, ಅದನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆದರೆ ಅದೇ ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿ, ಹೆಣ್ಣಿಗೆ ವಾರಸಿನಿಂದ ಬಂದದ್ದು, ಪಾಲಿನಲ್ಲಿ ಬಂದದ್ದು ಎಲ್ಲವೂ ಅವಳದೇ ಅಂದಿದ್ದ. ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ವಿಧವೆಗೆ ಬದುಕಿರುವಷ್ಟು ದಿನ ಅನುಭವಿಸುವ ಹಕ್ಕು, ಮಾರುವ ಹಕ್ಕಿಲ್ಲ ಅನ್ನುವುದು ಗಟ್ಟಿಯಾಯಿತು. ಕೋರ್ಟು ಸಮಾಜವನ್ನು ಮುಂದಕ್ಕೆ ಮಾತ್ರ ತಳ್ಳುತ್ತದೆ ಅಂದುಕೊಳ್ಳಬಾರದು, ಹಿಂದಕ್ಕೂ ಎಳೆದದ್ದಿದೆ. 1956ರ ಕಾಯ್ದೆಯ 14ನೇ ಕಲಂ ಬಂದು ಹೆಣ್ಣಿನ ಸ್ವತ್ತಿಗೆ ಅವಳೇ ಪೂರ್ಣ ಒಡತಿ ಅಂದ ಮೇಲೆ ಆ ಗಂಟು ಬಿಚ್ಚಿಕೊಂಡಿತು.

ಹಳೇ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿಯವರ ಕಾಲದಲ್ಲಿ, 1933ರಲ್ಲೇ, ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಬಂದಿತ್ತು. ಪಾಲಿನ ಸಮಯದಲ್ಲಿ ವಿಧವೆಗೆ ಗಂಡನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲು ಭಾಗ. ಕಾಲು ಭಾಗ ಅಂದರೆ ಈಗ ಕಡಿಮೆ ಅನಿಸುತ್ತದೆ. ನನ್ನ ಅಜ್ಜಿ ಇಪ್ಪತ್ತಾರಕ್ಕೆ ವಿಧವೆಯಾದವಳು. ಈ ಕಾಯ್ದೆಯಿಂದ ಬಂದ ಎರಡು ಅಂಕಣದ ಮನೆ, ಕೆರೆ ಕೆಳಗಿನ ಚೂರು ಗದ್ದೆ ಇಟ್ಟುಕೊಂಡು ನಮ್ಮಪ್ಪನನ್ನು ಓದಿಸಿದಳು. ಅದು ಇಲ್ಲದಿದ್ದರೆ ಮೈದುನರ ಮನೆಯ ಹಿತ್ತಲಲ್ಲಿ ಅವಳ ಆಯಸ್ಸು ಮುಗಿಯುತ್ತಿತ್ತು.

ಮುಂದೆ ಹಿಂದೂಗಳ ಮದುವೆ, ವಾರಸಿನ ನಿಯಮಗಳನ್ನು ಒಂದೇ ಕಡೆ ತರುವ ಹಿಂದೂ ಸಂಹಿತೆಯ ಮಸೂದೆಗೆ ನೆಲಗಟ್ಟು ಹಾಕಿದ ಸಮಿತಿಯ ಅಧ್ಯಕ್ಷರು ಮಂಗಳೂರಿನವರಾದ ಬೆನೆಗಲ್ ನರಸಿಂಗ ರಾವ್, ಸಂವಿಧಾನ ಸಭೆಗೂ ಸಲಹೆಗಾರರಾಗಿದ್ದವರು. ಆ ಮಸೂದೆಯನ್ನು ಹೊತ್ತು ಸಂಸತ್ತಿನಲ್ಲಿ ವರ್ಷಗಟ್ಟಲೆ ಹೋರಾಡಿದವರು ಅಂಬೇಡ್ಕರ್. ಅದನ್ನು ನಡುನೀರಿನಲ್ಲಿ ಕೈಬಿಟ್ಟಾಗ, 1951ರ ಸೆಪ್ಟೆಂಬರಿನಲ್ಲಿ, ಮಂತ್ರಿಪದವಿಗೇ ರಾಜೀನಾಮೆ ಕೊಟ್ಟರು. ಸಂವಿಧಾನದ 14, 15ನೇ ವಿಧಿಗಳಲ್ಲಿ ಸಮಾನತೆ ಬರೆದಾಗಿತ್ತು. ಆದರೆ ಮನೆಯೊಳಗಿನ ಪಾಲಿಗೆ ಬಂದಾಗ ಆ ಸಮಾನತೆ ಹೊಸಿಲು ದಾಟಲು ಐವತ್ತೈದು ವರ್ಷ ಹಿಡಿಯಿತು. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕಡಲತಡಿ, ಉಡುಪಿ

ನಮ್ಮ ತುಳುನಾಡಿನ ಅಳಿಯಕಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಎರಡು ಮಾತು. ನಮ್ಮಲ್ಲಿ ಕುಟುಂಬ, ಕವರು (ಕುಟುಂಬದೊಳಗಿನ ಕವಲು) ಎಲ್ಲ ತಾಯಿಯ ಕಡೆಯಿಂದ. 1949ರಲ್ಲಿ ಮದ್ರಾಸ್ ಸರ್ಕಾರ ಅಳಿಯಸಂತಾನ ಕಾಯ್ದೆ ಮಾಡಿತು, 1956ರ ಕಾಯ್ದೆಯಲ್ಲೂ ಇದಕ್ಕೆ ಬೇರೆಯೇ ಕಲಂ ಉಂಟು. ಹಿರಿಯ ಹೆಂಗಸು ಯಜಮಾನ್ತಿಯಾಗಲೂ ಅವಕಾಶ ಇತ್ತು. ಹಾಗಂತ ಹೆಂಗಸರದೇ ಕಾರುಬಾರು ಅಂತ ತಿಳಿಯಬೇಡಿ. ನನ್ನ ಅಜ್ಜಿಯ ತರವಾಡಿನಲ್ಲಿ ಗೇಣಿ ಲೆಕ್ಕದ ಪುಸ್ತಕ, ಪೆಟ್ಟಿಗೆಯ ಬೀಗದ ಕೈ ಎರಡೂ ಇದ್ದದ್ದು ದೊಡ್ಡ ಮಾವನ ಹತ್ತಿರ. ಆದರೆ ಒಂದು ವ್ಯತ್ಯಾಸ ಇತ್ತು. ಗಂಡನ ಮನೆಯಲ್ಲಿ ಸರಿಹೋಗದೆ ಬಂದ ಮಗಳಿಗೆ "ಯಾಕೆ ಬಂದೆ" ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆ ಅವಳದ್ದೇ ಅಲ್ಲವಾ.

ಮಲ್ಲಿಗೆಮೊಗ್ಗು, ಭಟ್ಕಳ

ನಮ್ಮ ಶರೀಅತ್‌ನಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು ಮೊದಲಿನಿಂದಲೂ ನಿಗದಿ. ಆದರೂ ನನ್ನ ಅತ್ತೆ, ಚಿಕ್ಕಮ್ಮ ಇಬ್ಬರೂ "ಅಣ್ಣನಿಗೆ ಇರಲಿ" ಅಂತ ಬರೆದುಕೊಟ್ಟವರೇ. ಯಾರ ಕಾನೂನಾದರೂ ಇರಲಿ, ಸೀಗೆಬೇಲಿ ಅಕ್ಕನ ಎದುರಿಗಿರುವ ಕಾಗದ ಒಂದೇ.

ನಾಡಕಚೇರಿ ಬಾಗಿಲು

ನಾನು ಕಂದಾಯ ಇಲಾಖೆಯವನು, ಮೊದಲು ಗ್ರಾಮ ಲೆಕ್ಕಿಗ ಅನ್ನುತ್ತಿದ್ದರು, ಈಗ ಗ್ರಾಮ ಆಡಳಿತ ಅಧಿಕಾರಿ. ನಮ್ಮ ಕಡೆಯ ತಪ್ಪನ್ನು ನಾನೇ ಹೇಳುತ್ತೇನೆ.

ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಫೈಲುಗಳನ್ನು ತೆಗೆದರೆ, ಒಂದು ಮನೆಯ ವಂಶವೃಕ್ಷದಲ್ಲಿ ಮೂರು ಗಂಡುಮಕ್ಕಳ ಹೆಸರು, ಆಮೇಲೆ "ಹೆಣ್ಣುಮಕ್ಕಳು 4, ಮದುವೆಯಾಗಿರುತ್ತದೆ" ಅಂತ ಒಂದೇ ಸಾಲು. ನಾಲ್ಕು ಜನ ಹೆಂಗಸರಿಗೆ ಹೆಸರೇ ಇಲ್ಲ, ಸಂಖ್ಯೆ ಮಾತ್ರ. ಅದಕ್ಕೆ ಊರಿನ ಪಂಚರ ರುಜು ಬೇರೆ. ಇನ್ನೂ ಕೆಲವದರಲ್ಲಿ ಆ ಸಾಲೂ ಇಲ್ಲ. ಪಹಣಿಯ 9ನೇ ಕಲಮಿನಲ್ಲಿ ಬರುವ ಹೆಸರು ಹುಟ್ಟುವುದು ಈ ಒಂದು ಹಾಳೆಯಿಂದ. ಇಲ್ಲಿ ಬಿಟ್ಟರೆ ಮುಂದಿನ ಎಲ್ಲ ಕಡೆಯೂ ಬಿಟ್ಟಂತೆ.

ಈಗ ಹಾಗೆ ಬರೆದು ತಂದರೆ ನಾನು ತಿರುಗಿ ಕಳಿಸುತ್ತೇನೆ. "ಯಾಕೆ ಸಾರ್, ಅವರು ಅವರವರ ಮನೆಗೆ ಹೋದರಲ್ಲ" ಅನ್ನುತ್ತಾರೆ. ಹೆಣ್ಣುಮಕ್ಕಳ ಹೆಸರು, ವಯಸ್ಸು, ಊರು ಬರೆಸಿಯೇ ತಗೊಳ್ಳುತ್ತೇನೆ. ಸೀಗೆಬೇಲಿ ಅಕ್ಕ, ನಿಮ್ಮ ತಾಯಿ ತೀರಿಹೋದ ಮೇಲೆ ಹೊಸ ವಂಶವೃಕ್ಷ ಮಾಡಿಸಿದ್ದಾರಾ ಅಂತ ವಿಚಾರಿಸಿ. ಮಾಡಿಸದಿದ್ದರೆ ನೀವೇ ಅರ್ಜಿ ಹಾಕಬಹುದು. ಯಾವುದಾದರೂ ಖಾತೆ ಬದಲಾವಣೆಗೆ ನೋಟಿಸು ಹೊರಟಿದ್ದರೆ ಅವಧಿಯೊಳಗೆ ತಕರಾರು ಅರ್ಜಿ ಕೊಡಿ. ಹಕ್ಕು ಯಾರದು ಅಂತ ನಾವು ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಆದರೆ ತಕರಾರು ಬಂದರೆ ಕಾಗದ ಮುಂದಕ್ಕೆ ಸುಮ್ಮನೆ ಸರಿಯುವುದಿಲ್ಲ.

ಹೆಸರು ಬೇಡ

ನಾನು ದಾವೆ ಹಾಕಿದವಳು. ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳಬಹುದು ಅನಿಸಿತು.

ಅಪ್ಪ 2003ರಲ್ಲಿ ಹೋದರು. 2007ರಲ್ಲಿ ದಾವೆ ಹಾಕಿದೆ. ಕೆಳಗಿನ ಕೋರ್ಟಿನಲ್ಲಿ ಸಮಪಾಲು ಸಿಕ್ಕಿತು. ಅಣ್ಣ ಮೇಲ್ಮನವಿ ಹಾಕಿದ. ಅಷ್ಟರಲ್ಲಿ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ, 2005ರ ಸೆಪ್ಟೆಂಬರ್ 9ಕ್ಕೆ ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು ಅಂದುಬಿಟ್ಟಿತು. ಅದೂ ನಮ್ಮ ಬೆಳಗಾವಿಯಿಂದ ಹೋದ ಕೇಸು. ನಾನು ಸೋತೆ. 2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣ, ಅದೂ ಕರ್ನಾಟಕದ್ದೇ. 2001ರಲ್ಲಿ ತೀರಿಹೋದ ಅಪ್ಪನ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರು. ಒಂದೇ ಕೋರ್ಟು, ಎರಡು ಮಾತು. ನನ್ನ ವಕೀಲರು "ಕಾಯಿರಿ ಅಮ್ಮ" ಅನ್ನುತ್ತಿದ್ದರು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿದ ಮೇಲೆ ಹೈಕೋರ್ಟಿನಲ್ಲಿ ಗೆದ್ದೆ. ಕಾನೂನು ಬದಲಾಗಿರಲಿಲ್ಲ. ಅದೇ ಸಾಲುಗಳು, ಓದುವವರು ಬದಲಾದರು. ಅಷ್ಟರಲ್ಲಿ ನನ್ನ ಕೂದಲು ಪೂರ್ತಿ ಬೆಳ್ಳಗಾಯಿತು.

ಆ ವರ್ಷಗಳಲ್ಲಿ ನಾನು, ಅಣ್ಣ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಬರುತ್ತಿದ್ದೆವು, ಇರುವುದೇ ಒಂದು ಬಸ್ಸು. ಅವನು ಮುಂದಿನ ಬಾಗಿಲಲ್ಲಿ ಹತ್ತುತ್ತಿದ್ದ, ನಾನು ಹಿಂದಿನ ಬಾಗಿಲಲ್ಲಿ. ಒಂದು ದಿನ ಸಾಕ್ಷಿ ಕಟ್ಟೆಯಲ್ಲಿ ನಿಂತು ಅವರ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕೆಳಗಿಳಿದಾಗ ನನ್ನ ಕೈ ನಡುಗುತ್ತಿತ್ತು. ಮೊಗಸಾಲೆಯ ಬೆಂಚಿನ ಮೇಲೆ ಯಾರೋ ಒಂದು ನೀರಿನ ಬಾಟಲಿ ಇಟ್ಟು ಹೋದರು. ತಿರುಗಿ ನೋಡಿದರೆ ಅಣ್ಣನ ಬೆನ್ನು.

ಗೌರಿ ಹಬ್ಬಕ್ಕೆ ಬಾಗಿನ ನಿಂತು ಹೋಯಿತು. ಅಣ್ಣನ ಮಗನ ಮದುವೆಗೆ ಕರೆಯಲಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ "ಹೋರಾಡಿ" ಅಂದರೆ ಪಾಪ. ಆದರೆ ಇನ್ನೊಂದೂ ಹೇಳಬೇಕು. ನನ್ನ ಗಂಡ ತೀರಿಕೊಂಡ ಮೇಲೆ ಮಗನ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇರುವುದು ಆ ಇಪ್ಪತ್ತೆಂಟು ಗುಂಟೆಯಿಂದ. ಮೂರು ತಿಂಗಳಿಗೊಮ್ಮೆ ಪಹಣಿ ತೆಗೆಸಿ ನೋಡುತ್ತೇನೆ, ಅಗತ್ಯ ಏನೂ ಇಲ್ಲ, ಸುಮ್ಮನೆ.

ಎರಡನೇ ಸೆಮಿಸ್ಟರ್

ಕಾನೂನು ಓದುತ್ತಿದ್ದೇನೆ. ಮೇಲಿನದನ್ನು ಓದಿ ಸಿಟ್ಟು ಬಂತು. 2005ರ ಕಾಯ್ದೆಯ ಅರ್ಥ ಏನು ಅಂತ ಹೇಳಲು ಸುಪ್ರೀಂ ಕೋರ್ಟು ಹದಿನೈದು ವರ್ಷ ತೆಗೆದುಕೊಂಡಿತು. ನಡುವೆ ಸೋತು, ಖರ್ಚಿಗೆ ಹೆದರಿ ಮೇಲ್ಮನವಿ ಹಾಕದೆ ಬಿಟ್ಟ ಹೆಂಗಸರ ಗತಿ ಏನು? ತರಗತಿಯಲ್ಲಿ ಇದನ್ನು ಸಾಮಾಜಿಕ ಬದಲಾವಣೆಗೆ ಉದಾಹರಣೆ ಅಂತ ಪಾಠ ಮಾಡುತ್ತಾರೆ.

ಕೋರ್ಟ್‌ಬೀದಿ

ನಿಮ್ಮ ಸಿಟ್ಟು ನ್ಯಾಯವಾದದ್ದು. ಅಂತಿಮವಾಗಿ ಮುಗಿದುಹೋದ ತೀರ್ಪುಗಳನ್ನು ಮತ್ತೆ ತೆರೆಯಲು ಆಗುವುದಿಲ್ಲ, ಅವರ ಪಾಲಿಗೆ ಕಾನೂನು ಮಾಡಿದ್ದು ಅನ್ಯಾಯವೇ. ಗೆದ್ದವರಿಗೂ ಅಲ್ಲಿಗೆ ಮುಗಿಯುವುದಿಲ್ಲ. ಪ್ರಾಥಮಿಕ ಡಿಕ್ರಿಯಲ್ಲಿ ಪಾಲು ಎಷ್ಟು ಅಂತ ಹೇಳುತ್ತಾರೆ, ಸರ್ವೆ ಮಾಡಿ ಬದು ಹಾಕಿ ಕೊಡುವುದಕ್ಕೆ ಅಂತಿಮ ಡಿಕ್ರಿಯ ಅರ್ಜಿ ಬೇರೆ. ಅದಕ್ಕೆ ಕಕ್ಷಿದಾರರು ಹೊಸದಾಗಿ ಅಲೆಯುವ ಹಾಗೆ ಮಾಡಬೇಡಿ, ವಿಚಾರಣಾ ನ್ಯಾಯಾಲಯವೇ ಮುಂದುವರಿಸಲಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶರಾವತಿ ದಂಡೆಯವರು ಹೇಳಿದ ಕೈಕಾಲು ಅಂದರೆ ಇಂಥವೇ.

ಆದರೂ ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಾನು ವಕೀಲಿಕೆ ಶುರು ಮಾಡಿದಾಗ ಕ್ರಯಪತ್ರ ಬರೆಯುವ ಮೇಜಿನ ಸುತ್ತ ಗಂಡಸರು ಮಾತ್ರ ಇರುತ್ತಿದ್ದರು. ಈಗ ಯಾವ ದಿನ ಉಪನೋಂದಣಾಧಿಕಾರಿ ಕಚೇರಿಗೆ ಹೋದರೂ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು, ಟಿಫಿನ್ ಕ್ಯಾರಿಯರ್ ಹಿಡಿದವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು. ಬಹಳ ಜನ ಬಿಡುಗಡೆ ಪತ್ರಕ್ಕೇ ಬಂದಿರುತ್ತಾರೆ, ನಿಜ. ಆದರೆ ಬ್ಯಾಂಕಿನವರು ಸಾಲ ಕೊಡುವ ಮುಂಚೆ, ಕೊಳ್ಳುವವರು ಮುಂಗಡ ಕೊಡುವ ಮುಂಚೆ "ಹೆಣ್ಣುಮಕ್ಕಳು ಎಷ್ಟು ಜನ" ಅಂತ ಕೇಳುತ್ತಾರೆ. ಅವಳ ಒಪ್ಪಿಗೆ ಇಲ್ಲದೆ ಹೊಲ ಕದಲುವುದಿಲ್ಲ. ತಮ್ಮ ಸೀರೆ ತಗೊಂಡು ಬಂದದ್ದು ಅದಕ್ಕೇ ಅಲ್ಲವಾ? 1999ರಲ್ಲಿ ಬರಲಿಲ್ಲ. ಕೇಳುವ ಸ್ಥಾನದಲ್ಲಿ ಈಗ ಅವನಿದ್ದಾನೆ, ಹೇಳುವ ಸ್ಥಾನದಲ್ಲಿ ನೀವಿದ್ದೀರಿ. ಕಾನೂನು ನಿಮ್ಮ ಮನೆಯೊಳಗೆ ಬಂದಿರುವುದು ಇಷ್ಟು ದೂರ.

ದುಡ್ಡಿನ ಚಿಂತೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ದಾವೆಗೆ ಮೊದಲೇ ರಾಜಿ ಮಾತುಕತೆಯನ್ನೂ ಮಾಡಿಸುತ್ತಾರೆ.

ಹೊಲದ ಬದು, ಗದಗ

ವಕೀಲ ಸಾಹೇಬ್ರ, ಒಂದು ಕೇಳತೀನಿ. ನಮ್ಮೂರಾಗ ಈಗ ಅಪ್ಪಂದಿರು ಮೊದಲೇ ಮೃತ್ಯುಪತ್ರ ಬರದು ಇಡಾಕ ಹತ್ಯಾರ, ಎಲ್ಲಾ ಗಂಡಮಕ್ಕಳಿಗೆ ಅಂತ. ಅದು ನಡೀತದೇನು?

ಕೋರ್ಟ್‌ಬೀದಿ

ಸ್ವಯಾರ್ಜಿತಕ್ಕೆ ನಡೆಯುತ್ತದೆ. ಪಿತ್ರಾರ್ಜಿತದಲ್ಲಿ ತನ್ನ ಪಾಲಿನ ಮಟ್ಟಿಗೆ ಬರೆಯಬಹುದು, ಮಗಳ ಪಾಲನ್ನು ಬರೆಯಲು ಅಪ್ಪನಿಗೆ ಹಕ್ಕಿಲ್ಲ. "ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿದೆ" ಅಂತ ಹೇಳುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲಿಗೆ ರಕ್ಷಣೆ ಇದೆ. ಬಾಯಿಮಾತಿನ ಪಾಲನ್ನು, ಸರ್ಕಾರಿ ದಾಖಲೆಗಳ ಬಲ ಇದ್ದರೆ, ಅಪರೂಪಕ್ಕೆ ಮಾತ್ರ ಒಪ್ಪುತ್ತಾರೆ.

ಹೊಲದ ಬದು, ಗದಗ

ಸರಿ. ನಮ್ಮ ಅಕ್ಕಂದಿರು ಇದುವರೆಗೂ ಏನೂ ಕೇಳಿಲ್ಲ. ಕೇಳಿಲ್ಲ ಅಂದ್ರ ಬ್ಯಾಡ ಅಂತ ನಾನ ತಿಳಕೊಂಡಿದ್ದೆ. ಈ ದೀಪಾವಳಿಗೆ ಬಂದಾಗ ನಾನ ಬಾಯಿ ಬಿಟ್ಟು ಕೇಳತೀನಿ. ಬೋರಿನ ಲೆಕ್ಕಾನೂ ಮುಂದಿಡ್ತೀನಿ.

ಸೀಗೆಬೇಲಿ, ದಾವಣಗೆರೆ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಮಗಳ ಹತ್ತಿರ ಪ್ರಿಂಟ್ ತೆಗೆಸಿಕೊಂಡು ಓದಿದೆ.

ಊರಿಗೆ ಹೋಗಿದ್ದೆ. ತಂಗಿಗೂ ಫೋನ್ ಮಾಡಿ ಬರಲು ಹೇಳಿದ್ದೆ. ಅಡುಗೆಮನೆಯಲ್ಲಿ ಅಲ್ಲ, ಪಡಸಾಲೆಯಲ್ಲಿ ಕೂತು ಮಾತಾಡಿದೆವು. ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಅಂದೆ. ರಸ್ತೆ ಬದಿಯ ಎಕರೆ ಮಾರುವುದಕ್ಕೆ ನನ್ನ ಅಡ್ಡಿಯಿಲ್ಲ, ಮಾರುವವರ ಸಾಲಿನಲ್ಲಿ ನನ್ನ ಹೆಸರೂ ಇರಲಿ, ನನ್ನ ಭಾಗದ ದುಡ್ಡು ನನ್ನ ಖಾತೆಗೆ ಬರಲಿ. ಉಳಿದ ಹೊಲಕ್ಕೆ ಪಾಲುಪಟ್ಟಿ ಆಗಲಿ, ನನ್ನ ಭಾಗವನ್ನು ತಮ್ಮನೇ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿಕೊಂಡಿರಲಿ. ಅಪ್ಪ ಅವ್ವನ ಔಷಧಕ್ಕೆ ಅವನು ಹಾಕಿದ ದುಡ್ಡನ್ನು ಮೊದಲು ಮುರಿದುಕೊಳ್ಳಲಿ. ಇಷ್ಟು ಹೇಳುವಷ್ಟರಲ್ಲಿ ಬಾಯಿ ಒಣಗಿತ್ತು.

ತಮ್ಮ ಎದ್ದು ಹೊರಗೆ ಹೋದ. ತಮ್ಮನ ಹೆಂಡತಿ ಏನೂ ಅನ್ನಲಿಲ್ಲ, ಚಹಾ ತಂದುಕೊಟ್ಟಳು. ಆಮೇಲೆ ಮೆಲ್ಲಗೆ "ನಮ್ಮ ತವರಿನಲ್ಲೂ ಹೀಗೇ ಕೇಳಬಹುದೇನ್ರಿ ಅಕ್ಕ" ಅಂದಳು. ತಂಗಿಗೆ ತನ್ನ ಪಾಲು ಬೇಡವಂತೆ, ತಮ್ಮನಿಗೇ ಬಿಡುತ್ತೇನೆ ಅಂದಳು. ಅದು ಅವಳ ಇಷ್ಟ. ಬಿಡುವುದಾದರೆ ಎಷ್ಟು ಗುಂಟೆ ಬಿಡುತ್ತಿದ್ದೀಯ ಅಂತ ತಿಳಿದು ಬಿಡು ಅಂದೆ, 60 ಅಂತ ಹೇಳಿದೆ. ಸುಮ್ಮನಾದಳು. ಇನ್ನೂ ಯೋಚನೆ ಮಾಡುತ್ತಿದ್ದಾಳೆ.

ತಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಮೊನ್ನೆ ನಾಡಕಚೇರಿಗೆ ಅವನೇ ಬೈಕಿನಲ್ಲಿ ಕರೆದುಕೊಂಡು ಹೋದ. ವಂಶವೃಕ್ಷದ ಅರ್ಜಿ ತುಂಬುವಾಗ ಮಕ್ಕಳ ಹೆಸರು ಹೇಳಿ ಅಂದರು. ತಮ್ಮ ತನ್ನ ಹೆಸರು ಹೇಳಿದ. ಆ ಗುಮಾಸ್ತರು ಪೆನ್ನು ಎತ್ತಿ, "ಹಿರಿಯರಿಂದ ಶುರು ಮಾಡಿ" ಅಂದರು. ತಮ್ಮ ಒಂದು ಕ್ಷಣ ನಿಂತ. ಆಮೇಲೆ ನನ್ನ ಹೆಸರು ಹೇಳಿದ, ಅಪ್ಪ ಇಟ್ಟ ಪೂರ್ತಿ ಹೆಸರು. ಮನೆಯಲ್ಲಿ ಎಲ್ಲರೂ ಕರೆಯುವ ಹೆಸರೇ ಬೇರೆ, ಅವನಿಗೆ ಅದು ನೆನಪಿರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಸರ್ವೆಯವರು ಮುಂದಿನ ಬುಧವಾರ ಬರುತ್ತಾರಂತೆ. ನಾನು ಹಿಂದಿನ ದಿನವೇ ಹೋಗುತ್ತೇನೆ.